ದೇವರ ಕೋಣೆಯ ಚಿಲಕ

ದಾವಣಗೆರೆಯ ಶಾಮನೂರಿನ ಹೊಸ ಬಡಾವಣೆಯ ಆ ಮನೆಯಲ್ಲಿ ಮಾವ ಸೊಸೆ ಒಂದೇ ಮಾತಿಗೆ ಒಪ್ಪಿದ್ದು ಅದೊಂದೇ ಸಲ. ಅವತ್ತೂ ಎಂದಿನಂತೆ ಕಿತ್ತಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮಾವ ಶಿವಯೋಗಪ್ಪ. ಮಂಡಿಪೇಟೆಯ ಬಟ್ಟೆ ಅಂಗಡಿಯನ್ನು ಹಿರಿಯ ಮಗ ಕೊಟ್ಟೂರೇಶನಿಗೆ ಒಪ್ಪಿಸಿ, ಮನೆಯಲ್ಲಿ ಕೂತು ಎಲ್ಲರಿಗೂ ಬುದ್ಧಿ ಹೇಳುವ ಕೆಲಸ ಹಿಡಿದಿದ್ದರು. ಸೊಸೆ ವಾಣಿ, ಕೊಟ್ಟೂರೇಶನ ಹೆಂಡತಿ. ಮನೆ ಹೇಗಿರಬೇಕು, ಮಕ್ಕಳನ್ನು ಹೇಗೆ ಬೆಳೆಸಬೇಕು ಎಂದು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಅವಳೂ ಮಾವನಷ್ಟೇ ಗಟ್ಟಿಯಾದ ಅಭಿಪ್ರಾಯಗಳನ್ನು ಇಟ್ಟುಕೊಂಡಿದ್ದಳು. ಇಬ್ಬರ ನಡುವೆ ಅತ್ತೆ ನಿರ್ಮಲಮ್ಮ ರೊಟ್ಟಿ ತಟ್ಟಿಕೊಂಡು ಇದ್ದರು. ಅವರ ಅಭಿಪ್ರಾಯ ಯಾರೂ ಕೇಳುತ್ತಿರಲಿಲ್ಲ. ಕೇಳದಿದ್ದರೂ ಅವರು ಹೇಳುತ್ತಿದ್ದರು, ಅದನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ.

ಮಾತು ಶುರುವಾದದ್ದು ಮುಕ್ತಾಳಿಂದ. ಮುಕ್ತಾ ಹರಿಹರದಲ್ಲಿರುವ ಕಿರಿಯ ಮಗ ರವಿಚಂದ್ರನ ಮಗಳು, ಮೂರನೇ ಕ್ಲಾಸು. ರವಿಚಂದ್ರನದು ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅವನ ಹೆಂಡತಿ ಮೀನಾಕ್ಷಿ ನರ್ಸು, ಅವಳಿಗೂ ಪಾಳಿ. ಶಾಲೆಯಿಂದ ಬಂದ ಹುಡುಗಿ ಒಳಗಿನಿಂದ ಬಾಗಿಲು ಹಾಕಿಕೊಂಡು, ಅಮ್ಮ ಬಿಸಿಪೆಟ್ಟಿಗೆಯಲ್ಲಿಟ್ಟ ಅನ್ನ ತಿಂದು, ಯಾರಾದರೂ ಬರುವವರೆಗೆ ಒಬ್ಬಳೇ ಇರುತ್ತಿದ್ದಳು. ಈ ಮಗು ಯಾರ ಜೊತೆಗೂ ಬೆರೆಯುವುದಿಲ್ಲ ಎಂದು ಶಾಲೆಯ ಟೀಚರು ಹೇಳಿದ ಮೇಲೆ ಶಿವಯೋಗಪ್ಪ ತಾವೇ ಹರಿಹರಕ್ಕೆ ಹೋಗಿ, "ನಮ್ಮನ್ಯಾಗೆ ಬೆಳೀಲಿ, ಮಕ್ಳ ಜೊತೆಗೆ ಮಕ್ಳು ಇರಬೇಕು" ಎಂದು ಅವಳನ್ನು ಬ್ಯಾಗಿನ ಸಮೇತ ದಾವಣಗೆರೆಗೆ ಕರೆತಂದು ಇಲ್ಲಿನ ಶಾಲೆಗೆ ಸೇರಿಸಿದರು.

ಮಕ್ಕಳ ಜೊತೆ ಎಂದರೆ ಇಲ್ಲಿ ಇದ್ದದ್ದು ಒಬ್ಬನೇ. ಕೊಟ್ಟೂರೇಶ ಮತ್ತು ವಾಣಿಯ ಮಗ ಬಕ್ಕೇಶ, ಎಂಟನೇ ಕ್ಲಾಸು. ಅವನಿಗೆ ಹೊಸ ಮನೆಯಲ್ಲಿ ಒಂದು ಕೋಣೆ ಇತ್ತು, ಅದರ ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ಮುಕ್ತಾಳಿಗೆ ಪಕ್ಕದ ಚಿಕ್ಕ ಕೋಣೆ ಕೊಟ್ಟರು. ಅವಳೂ ಬಂದ ದಿನವೇ ಬಾಗಿಲು ಹಾಕಿಕೊಂಡಳು.

"ಎರಡು ಮಕ್ಳು, ಎರಡು ಬಾಗ್ಲು" ಎಂದರು ಶಿವಯೋಗಪ್ಪ ಊಟಕ್ಕೆ ಕೂತಾಗ. "ಇದೇನು ಮನೀನೋ, ಲಾಡ್ಜೋ?"

ವಾಣಿ ಪಲ್ಯ ಬಡಿಸುತ್ತಿದ್ದವಳು ಸೌಟು ಹಿಡಿದೇ ನಿಂತಳು. "ನಾನೂ ಅದನ್ನೇ ಹೇಳಾಕತ್ತೀನಿ ಮಾವ. ಈಗ ಎಲ್ಲಾ ಕಡೆ ಮನೀನ ಬಾಗ್ಲಿಲ್ದಂಗೇ ಕಟ್ಟಸ್ತಾರೆ. ಮಕ್ಳು ಓದೋದು, ಆಡೋದು, ಉಣ್ಣೋದು ಎಲ್ಲಾ ಒಂದೇ ಜಾಗ. ಒಬ್ರಿಗೊಬ್ರು ಕಾಣಬೇಕು. ಕಂಡ್ರೆ ತಾನೇ ಮಾತು ಬರೋದು."

"ನಮ್ಮ ಭಾನುವಳ್ಳಿ ಮನ್ಯಾಗೆ ಯಾವ ಕೋಣೆಗೆ ಬಾಗ್ಲಿತ್ತು? ಅಣ್ಣತಮ್ಮಂದಿರ ಮಕ್ಳೆಲ್ಲಾ ಒಂದೇ ಪಡಸಾಲ್ಯಾಗೆ ಬೆಳೆದ್ವಿ."

ಒಳಗಿನಿಂದ ನಿರ್ಮಲಮ್ಮ ಹೇಳಿದರು: "ಅದೇ ಪಡಸಾಲ್ಯಾಗೆ ಬೆಳೆದ ನಿಮ್ಮ ತಂಗಿ ಗಂಗವ್ವ ಅಟ್ಟ ಹತ್ತಿ ಕೂಡ್ತಿದ್ಲಂತೆ. ಅವಳೇ ನನಗೆ ಹೇಳ್ಯಾಳೆ."

"ಅವಳು ಹುಟ್ಟಾ ಅಳುಬುರುಕಿ" ಎಂದು ಶಿವಯೋಗಪ್ಪ ಆ ಮಾತನ್ನು ಮಜ್ಜಿಗೆಯ ಜೊತೆ ಕುಡಿದುಬಿಟ್ಟರು.

ಮುಂದಿನ ವಾರ ಬಡಗಿ ಸಿಕಂದರ್ ಬಂದ. ಬಕ್ಕೇಶನ ಕೋಣೆಯ ಬಾಗಿಲು, ಮುಕ್ತಾಳ ಕೋಣೆಯ ಬಾಗಿಲು, ಮಹಡಿಯ ಓದುವ ಕೋಣೆಯ ಬಾಗಿಲು ಮೂರೂ ಕೀಲು ಬಿಚ್ಚಿಕೊಂಡು ಗೋಡೆಗೆ ಒರಗಿದವು. ಗಂಡ ಹೆಂಡತಿಯ ಕೋಣೆಯ ಬಾಗಿಲಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಎಲ್ಲರೂ ಬೆರೆಯಬೇಕು ಎಂದರೂ ಅದಕ್ಕೊಂದು ಮಿತಿ ಇರುತ್ತದಲ್ಲ.

"ದೇವರ ಕೋಣೀದು ಏನ್ ಮಾಡ್ಲಿ ಅಜ್ಜಾರೆ?" ಎಂದ ಸಿಕಂದರ್.

"ಅದನ್ನ ಮುಟ್ಟಬ್ಯಾಡಪ್ಪ. ನಾನು ಲಿಂಗಪೂಜೆಗೆ ಕೂತಾಗ ಯಾರೂ ಬರಬಾರದು."

ಬಕ್ಕೇಶನ ಕೋಣೆಯದು ತೇಗದ ಬಾಗಿಲು. ಅದನ್ನು ಕತ್ತರಿಸಿ, ಅಂಚು ಉಜ್ಜಿ, ನಾಲ್ಕು ಸರಪಳಿ ಹಾಕಿ ನಡುಮನೆಯಲ್ಲಿ ಉಯ್ಯಾಲೆ ಕಟ್ಟಿಸಿದರು. ಇಬ್ಬರು ಮಕ್ಕಳು ಜೊತೆಯಲ್ಲಿ ಕೂರುವಷ್ಟು ಅಗಲ. ಅದರ ಎದುರು ಒಂದು ಉದ್ದನೆಯ ತಗ್ಗು ಮೇಜು, ಇಬ್ಬರೂ ಅಕ್ಕಪಕ್ಕ ಕೂತು ಓದಲು. ವಾಣಿ ಗೋಡೆಗೆ ಹಳದಿ ಬಣ್ಣ ಹೊಡೆಸಿದಳು. ಹಳದಿ ಬಣ್ಣದಿಂದ ಮಕ್ಕಳಿಗೆ ಮಾತು ಬರುತ್ತದಂತೆ, ಯಾವುದೋ ವಿಡಿಯೋದಲ್ಲಿ ಹೇಳಿದ್ದರು.

ಬಕ್ಕೇಶ ಶಾಲೆಯಿಂದ ಬಂದವನು ತನ್ನ ಬಾಗಿಲು ಉಯ್ಯಾಲೆಯಾಗಿ ನೇತಾಡುವುದನ್ನು ನೋಡಿದ. ಬ್ಯಾಗನ್ನು ಮೇಜಿನ ಮೇಲಿಟ್ಟು, ಮೂಲೆಯಲ್ಲಿ ನಿಂತಿದ್ದ ಮುಕ್ತಾಳ ಕಡೆ ತಿರುಗಿ, "ಬಾ, ಕೂಡು" ಎಂದ.

"ನೋಡಿದ್ರಾ, ನೋಡಿದ್ರಾ" ಎಂದಳು ವಾಣಿ.

ಮುಕ್ತಾ ಕೂತಳು. ಬಕ್ಕೇಶ ನೂಕಿದ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಸರಪಳಿ ಸಡಿಲಾಗಿ ಜಗ್ಗುವಷ್ಟು ಜೋರಾಗಿ. ವಾಣಿ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿ ಹಲ್ಲು ಕಚ್ಚಿಕೊಂಡಿದ್ದು ವಿಡಿಯೋದಲ್ಲಿ ನಗುವಿನ ಹಾಗೇ ಕಾಣುತ್ತಿತ್ತು.

ಅವತ್ತು ಸಂಜೆ ನಿರ್ಮಲಮ್ಮ ದೊಡ್ಡ ಗಂಗಾಳದಲ್ಲಿ ರೊಟ್ಟಿ ಮುರಿದು, ಬದನೆಕಾಯಿ ಪಲ್ಯ ಕಲಸಿ, ಇಬ್ಬರನ್ನೂ ಮೇಜಿನ ಮುಂದೆ ಕೂರಿಸಿ ಒಂದೇ ಗಂಗಾಳದಿಂದ ಕೈತುತ್ತು ಕೊಟ್ಟರು. ಈ ಮನೆಯಲ್ಲಿ ಮಕ್ಕಳು ಸಂಜೆ ಉಣ್ಣುವುದು ಹಾಗೇ. ಇದುವರೆಗೆ ಮೊದಲ ತುತ್ತು ಬಕ್ಕೇಶನದು. ಅವತ್ತು ನಿರ್ಮಲಮ್ಮ, "ಮೊದ್ಲು ಸಣ್ಣೋಳಿಗೆ" ಎಂದು ಮುಕ್ತಾಳ ಕೈಗೆ ಇಟ್ಟರು. ಬಕ್ಕೇಶ ನಕ್ಕ. ಮೇಜಿನ ಕೆಳಗೆ ತಂಗಿಯ ಕಾಲಿನ ಕಿರುಬೆರಳ ಮೇಲೆ ತನ್ನ ಹಿಮ್ಮಡಿ ಇಟ್ಟು ಮೆಲ್ಲಗೆ ಒತ್ತಿದ, ಊಟ ಮುಗಿಯುವವರೆಗೂ ತೆಗೆಯಲಿಲ್ಲ.

ಮುಕ್ತಾ ತುತ್ತು ನುಂಗಿದಳು. ಅವಳು ಹರಿಹರದಲ್ಲಿ ಒಬ್ಬಳೇ ಇದ್ದು ಕಲಿತದ್ದು ಒಂದೇ, ಸದ್ದು ಮಾಡದೆ ಇರುವುದು. ಆ ವಿದ್ಯೆ ಇಲ್ಲಿ ಅವಳನ್ನು ಕಾಯಲಿಲ್ಲ.

*

ದಿನ ಕಳೆದ ಹಾಗೆ ನಡುಮನೆಗೆ ಒಳ್ಳೆಯ ಹೆಸರು ಬಂತು. ಬೀದಿಯ ಹೆಂಗಸರು ಬಂದು ಉಯ್ಯಾಲೆ ಮೇಲೆ ಕೂತು, ಮಂಡಕ್ಕಿ ಮೆಣಸಿನಕಾಯಿ ತಿಂದು ಹೊಗಳಿದರು. ಕೊಟ್ಟೂರೇಶನ ಅಂಗಡಿಯ ಗುಮಾಸ್ತ ಕೆಂಚವೀರಪ್ಪ, "ಅಣ್ಣಾರೆ, ನಮ್ಮನ್ಯಾಗೂ ಹಿಂಗೇ ಮಾಡಸ್ಬೇಕು, ಮಕ್ಳು ಕಣ್ಮುಂದೇ ಇರ್ತಾವೆ" ಎಂದ.

ಕಣ್ಮುಂದೆ ಇದ್ದದ್ದೇನೋ ನಿಜ. ಕೊಟ್ಟೂರೇಶನಿಗೆ ಮಗ ಈಗ ಹೊತ್ತುಹೊತ್ತಿಗೂ ಕಣ್ಮುಂದೆಯೇ ಇದ್ದ. ಅಂಗಡಿಯಲ್ಲಿ ಗಿರಾಕಿಗಳ ಹತ್ತಿರ ಹಲ್ಲುಕಿರಿದು ಬಂದ ಸಿಟ್ಟನ್ನೆಲ್ಲ ಅವನು ಮನೆಯಲ್ಲಿ ಇಳಿಸುತ್ತಿದ್ದ. ಮೊದಲಾದರೆ ಹುಡುಗ ಬಾಗಿಲು ಹಾಕಿಕೊಳ್ಳುತ್ತಿದ್ದ, ಬೈಗುಳ ಬಾಗಿಲಿಗೆ ಬಡಿದು ವಾಪಸು ಬರುತ್ತಿತ್ತು. ಈಗ ಬಾಗಿಲಿಲ್ಲ.

"ಗಣಿತದಾಗೆ ಇಷ್ಟೇನಾ? ಇಷ್ಟೇನಾ ನಿನ್ನ ಯೋಗ್ಯತೆ?" ಎಂದು ಒಂದು ದಿನ ಮಾರ್ಕ್ಸ್ ಕಾರ್ಡನ್ನು ಮಗನ ಕೆನ್ನೆಗೆ ಬಡಿದ. ಬೀದಿಯ ಹೆಂಗಸರಿಬ್ಬರು ಇನ್ನೂ ಎದ್ದು ಹೋಗಿರಲಿಲ್ಲ. "ಮುಕ್ತಾನ್ನ ನೋಡಿ ಕಲಿ. ಎಷ್ಟು ಸಣ್ಣ ಹುಡುಗಿ, ಕೂತಲ್ಲೇ ಕೂತು ಓದ್ತಾಳೆ."

"ರೀ, ಹೊರಗಿನೋರು ಅದಾರೆ" ಎಂದಳು ವಾಣಿ.

"ಇರ್ಲಿ. ನೀನೇ ಹೇಳಿದ್ದಲ್ಲ, ಎಲ್ಲರಿಗೂ ಎಲ್ಲಾ ಕಾಣಬೇಕು ಅಂತ. ಕಾಣ್ಲಿ."

ಬಕ್ಕೇಶನ ಕಿವಿ ಕೆಂಪಾದವು. ಅವನಿಗೆ ಹೋಗಲು ಜಾಗವಿರಲಿಲ್ಲ. ಮೇಜಿನ ಮುಂದೆಯೇ ಕೂತು ಲೆಕ್ಕ ಬಿಡಿಸಿದ. ಹೆಂಗಸರು ಹೋದರು, ಕೊಟ್ಟೂರೇಶ ಕೈಕಾಲು ತೊಳೆಯಲು ಹೋದ, ವಾಣಿ ಒಳಗೆ ಹೋದಳು. ಆಗ ಬಕ್ಕೇಶ ಪಕ್ಕದಲ್ಲಿದ್ದ ಮುಕ್ತಾಳ ರಟ್ಟೆ ಹಿಡಿದು, ತೋಳಿನ ಬಟ್ಟೆಯ ಒಳಗೆ ಎರಡು ಬೆರಳು ತೂರಿಸಿ ಚರ್ಮ ತಿರುವಿದ. ಕಂಪಾಸಿನ ಚೂಪು ತುದಿಯನ್ನು ಅವಳ ಅಂಗೈಗೆ ಇಟ್ಟು, "ಅತ್ರೆ ಇನ್ನೂ ಒಳಗೆ ಹೋಗ್ತದೆ" ಎಂದ. ಸಿಟ್ಟಿನ ದನಿಯಲ್ಲ, ಪಾಠ ಹೇಳಿಕೊಡುವ ದನಿ. ಒಳಗಿನಿಂದ ನೋಡಿದವರಿಗೆ ಅಣ್ಣ ತಂಗಿಗೆ ಲೆಕ್ಕ ಹೇಳಿಕೊಡುತ್ತಿದ್ದಾನೆ ಎಂದೇ ಕಾಣುತ್ತಿತ್ತು. ಶಿವಯೋಗಪ್ಪನವರಿಗೆ ಹಾಗೇ ಕಂಡಿತು, ಅವರು ಅದನ್ನು ಊಟದ ಹೊತ್ತಿಗೆ ಎಲ್ಲರಿಗೂ ಹೇಳಿದರು.

ಮುಕ್ತಾ ಮೊದಲು ಹುಡುಕಿಕೊಂಡದ್ದು ಬಚ್ಚಲುಮನೆ. ಅದಕ್ಕೆ ಬಾಗಿಲು ಇತ್ತು. ಶಾಲೆಯಿಂದ ಬಂದವಳೇ ಒಳಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಕೂತುಬಿಡುತ್ತಿದ್ದಳು.

"ಏ ಹುಡುಗಿ, ಏನ್ ಮಾಡಾಕತ್ತೀಯ ಒಳಗೆ? ಟ್ಯಾಂಕಿ ಖಾಲಿ ಆತು" ಎಂದು ವಾಣಿ ಬಾಗಿಲು ಬಡಿದಳು.

"ಹೊಟ್ಟೆನೋವು ದೊಡ್ಡಮ್ಮ."

"ದಿನಾ ಹೊಟ್ಟೆನೋವಾ? ಅತ್ತೆ, ಇದಕ್ಕೆ ಓಂಕಾಳು ಕೊಡ್ರಿ."

ನಿರ್ಮಲಮ್ಮ ಓಂಕಾಳು ಬೆಲ್ಲ ಕುಟ್ಟಿ ಕೊಟ್ಟರು. ಕೊಡುವಾಗ ಮೊಮ್ಮಗಳ ಮುಖ ನೋಡಿದರು. "ಯಾಕವ್ವ, ಯಾರೇನಾರ ಅಂದ್ರಾ?"

ಮುಕ್ತಾ ಬಾಯಿ ತೆರೆದಳು. ನಡುಮನೆಯಲ್ಲಿ ಉಯ್ಯಾಲೆಯ ಸರಪಳಿ ಕಿರುಗುಟ್ಟಿತು. ಬಕ್ಕೇಶ ಅಲ್ಲಿ ಕೂತು ಇತ್ತಲೇ ನೋಡುತ್ತಿದ್ದ. ಈ ಮನೆಯಲ್ಲಿ ಈಗ ಯಾರು ಎಲ್ಲಿ ಏನು ಮಾತಾಡಿದರೂ ಎಲ್ಲರಿಗೂ ಕೇಳುತ್ತಿತ್ತು. ಮುಕ್ತಾ ಓಂಕಾಳನ್ನು ಬಾಯಿಗೆ ಹಾಕಿಕೊಂಡು ತಲೆ ಅಲ್ಲಾಡಿಸಿದಳು.

*

ಶ್ರಾವಣದ ಒಂದು ಭಾನುವಾರ ರವಿಚಂದ್ರ ಬೈಕಿನಲ್ಲಿ ಬಂದು ಮಗಳನ್ನು ಹರಿಹರಕ್ಕೆ ಕರೆದುಕೊಂಡು ಹೋದ. ಮನೆ ಬಂದದ್ದೇ ತಡ, ಮುಕ್ತಾ ತನ್ನ ಹಳೆಯ ಕೋಣೆಗೆ ಓಡಿ, ಬಾಗಿಲು ಹಾಕಿಕೊಂಡು ಮಲಗಿಬಿಟ್ಟಳು. ಮಧ್ಯಾಹ್ನದ ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ.

ಮೀನಾಕ್ಷಿ ಸಂಜೆ ಅವಳ ತಲೆ ಬಾಚುವಾಗ ರಟ್ಟೆಯ ಮೇಲೆ ನೀಲಿಗಟ್ಟಿದ ಗುರುತು ಕಂಡಳು. ನರ್ಸಮ್ಮನ ಕಣ್ಣು, ಕಾಣದೆ ಹೋಗಲಿಲ್ಲ.

"ಇದೇನೇ?"

"ಉಯ್ಯಾಲೆಯಿಂದ ಬಿದ್ದೆ." ಹುಡುಗಿ ತೋಳಿನ ಬಟ್ಟೆ ಕೆಳಗೆ ಎಳೆದುಕೊಂಡು ಕೇಳಿದಳು: "ಅಮ್ಮ, ನಾ ಇಲ್ಲೇ ಇರ್ಲಾ? ಒಬ್ಬಳೇ ಇರ್ತೀನಿ. ಟಿವಿ ಹಾಕಲ್ಲ. ಗ್ಯಾಸ್ ಮುಟ್ಟಲ್ಲ."

ಮೀನಾಕ್ಷಿಯ ಕೈಯಲ್ಲಿ ಬಾಚಣಿಗೆ ನಿಂತಿತು. ಗಂಡನ ಕಡೆ ನೋಡಿದಳು. ಅವಳಿಗೆ ಆ ತಿಂಗಳು ರಾತ್ರಿ ಪಾಳಿ ಇತ್ತು, ಅವನಿಗೆ ಬೆಳಗಿನದು.

"ಅಲ್ಲಿ ಎಲ್ರೂ ಅದಾರಲ್ಲ ಮಗಳೇ" ಎಂದ ರವಿಚಂದ್ರ. "ಅಣ್ಣ ಅದಾನೆ, ಅಜ್ಜಿ ಅದಾರೆ. ದೊಡ್ಡಮ್ಮ ವಿಡಿಯೋ ಕಳಿಸ್ತಾಳೆ, ನೀ ಎಷ್ಟು ಚೆನ್ನಾಗಿ ಆಡ್ತೀಯ. ಇಲ್ಲಿ ಒಬ್ಬಳೇ ಇದ್ದು ಏನ್ ಮಾಡ್ತೀಯ?"

"ಬಾಗ್ಲು ಹಾಕ್ಕೊಂಡು ಇರ್ತೀನಿ."

"ಅದೇ ಬ್ಯಾಡ ಅಂತ ತಾನೇ ಅಲ್ಲಿಗೆ ಕಳ್ಸಿದ್ದು."

"ರೀ, ಒಂದ್ಸಲ ಅತ್ತಿಗೆಯೋರನ್ನ ಕೇಳಿ ನೋಡ್ರಿ" ಎಂದಳು ಮೀನಾಕ್ಷಿ. ರವಿಚಂದ್ರ ಆಗಲೇ ಅತ್ತಿಗೆ ವಾಣಿಗೆ ಫೋನ್ ಹಚ್ಚಿದ. ವಾಣಿ ನಕ್ಕಳು: "ಬಿದ್ದಿರಬೇಕು ಬಿಡಪ್ಪ. ಮಕ್ಳು ಆಡಿದ್ಮ್ಯಾಲೆ ಬೀಳದೆ ಇರ್ತಾವಾ? ಮೊದ್ಲು ಕೋಣೆಯಾಗೆ ಕೂತು ಕೂತು ಬಿಳಿಚಿಕೊಂಡಿದ್ಲು, ಈಗ ನೋಡು."

ಸಂಜೆ ಬೈಕಿನ ಹಿಂದೆ ಕೂತು ಹೊರಟಾಗ ಮುಕ್ತಾ ಅಳಲಿಲ್ಲ. ಅಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ಬೈಕು ಮರೆಯಾದ ಮೇಲೂ ಮೀನಾಕ್ಷಿ ಬಾಗಿಲಲ್ಲೇ ನಿಂತಿದ್ದಳು. ಆದರೆ ಡ್ಯೂಟಿಯ ಹೊತ್ತಾಗಿತ್ತು, ಸಮವಸ್ತ್ರ ಇಸ್ತ್ರಿ ಮಾಡಿಕೊಂಡು ಹೊರಟಳು.

*

ದೇವರ ಕೋಣೆ ಮುಕ್ತಾಳ ಕಣ್ಣಿಗೆ ಬಿದ್ದದ್ದು ಆ ವಾರ. ಮನೆಯಲ್ಲಿ ಚಿಲಕ ಹಾಕಿಕೊಳ್ಳಬಹುದಾದ ಜಾಗ, ಯಾರೂ ಬಾಗಿಲು ಬಡಿಯದ ಜಾಗ ಅದೊಂದೇ. ಅದಕ್ಕೆ ಒಂದೇ ಕಟ್ಟಳೆ, ಮೈ ತೊಳೆದುಕೊಂಡು ಹೋಗಬೇಕು. ಹುಡುಗಿ ಬೆಳಿಗ್ಗೆ ಅಜ್ಜ ಪೂಜೆ ಮುಗಿಸಿ ಎದ್ದದ್ದೇ ಸ್ನಾನ ಮಾಡಿ ಒಳಗೆ ಹೋದಳು. ಸಂಜೆ ಶಾಲೆಯಿಂದ ಬಂದು ಮತ್ತೆ ಸ್ನಾನ ಮಾಡಿ ಒಳಗೆ ಹೋದಳು.

ಚಿಲಕ ಎತ್ತರದಲ್ಲಿತ್ತು. ಅವಳ ಕೈ ಎಟುಕುತ್ತಿರಲಿಲ್ಲ. ಅಜ್ಜ ಪೂಜೆಗೆ ಕೂರುವ ಕಾಲುಮಣೆಯನ್ನು ಬಾಗಿಲ ಹತ್ತಿರ ಎಳೆದುಕೊಂಡು, ಅದರ ಮೇಲೆ ನಿಂತು, ತುದಿಬೆರಳಲ್ಲಿ ಚಿಲಕ ಹಾಕುತ್ತಿದ್ದಳು. ಕಲ್ಲಿನ ನೆಲದ ಮೇಲೆ ಮಣೆ ಕರ್ರೆಂದು ಎಳೆಯುವ ಸದ್ದು ಅಡಿಗೆಮನೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮೊದಲು ಮಣೆಯ ಸದ್ದು, ಆಮೇಲೆ ಚಿಲಕದ ಸದ್ದು. ನಿರ್ಮಲಮ್ಮನಿಗೆ ಆ ಎರಡು ಸದ್ದು ರೂಢಿಯಾಗಿಹೋಯಿತು.

ಮನೆಗೆ ಮನೆಯೇ ಹಿಗ್ಗಿತು.

"ಎರಡು ಹೊತ್ತು ಸ್ನಾನ! ಎರಡು ಹೊತ್ತು ಪೂಜೆ! ಈ ವಯಸ್ಸಿಗೆ!" ಎಂದರು ಶಿವಯೋಗಪ್ಪ. ಕಣ್ಣಲ್ಲಿ ನೀರೇ ಬಂದಿತ್ತು. "ನಮ್ಮ ವಂಶದಾಗೆ ಇಂಥಾ ಭಕ್ತಿ ನಮ್ಮ ಮುತ್ತಜ್ಜಿಗಿತ್ತಂತೆ."

"ಎಲ್ಲಾ ಕೂಡಿ ಇದ್ರೆ ಮಕ್ಳಿಗೆ ಸಂಸ್ಕಾರ ತಾನಾಗೇ ಬರ್ತದೆ ಮಾವ" ಎಂದು ವಾಣಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕೂತ ಮುಕ್ತಾಳ ಫೋಟೋವನ್ನು ನೆಂಟರ ಗ್ರೂಪಿಗೆ ಹಾಕಿದಳು. ಹತ್ತಾರು ಜನ ಕೈಮುಗಿಯುವ ಚಿತ್ರ ಕಳಿಸಿದರು. ಹರಿಹರದಿಂದ ರವಿಚಂದ್ರನೂ ಕಳಿಸಿದ. ಮೀನಾಕ್ಷಿ ಆ ಫೋಟೋ ನೋಡಿ ಸಮಾಧಾನ ಮಾಡಿಕೊಂಡಳು.

ನಿಜಕ್ಕೂ ಹುಡುಗಿಯ ಮುಖಕ್ಕೆ ಸ್ವಲ್ಪ ಗೆಲುವು ಬಂದಿತ್ತು. ದೇವರ ಕೋಣೆಯಲ್ಲಿ ಕೂತು ಹೋಮ್‌ವರ್ಕ್ ಮಾಡಿಕೊಳ್ಳುತ್ತಿದ್ದಳು, ಬಿಲ್ವಪತ್ರೆಯ ಕಡ್ಡಿಗಳಲ್ಲಿ ಮನೆ ಕಟ್ಟುತ್ತಿದ್ದಳು. ಮನೆಗೆ ಬಾಗಿಲು ಇಡುತ್ತಿದ್ದಳು.

ಬಕ್ಕೇಶ ಹೊರಗೆ ಉಯ್ಯಾಲೆಯ ಮೇಲೆ ಕೂತು ಆ ಮುಚ್ಚಿದ ಬಾಗಿಲನ್ನು ನೋಡುತ್ತಿದ್ದ. ಈಗ ಅಪ್ಪ ಬೈಯುವುದಕ್ಕೆ ಹೊಸ ಮಾತು ಸಿಕ್ಕಿತ್ತು: "ಓದೂ ಇಲ್ಲ, ದೇವರೂ ಇಲ್ಲ. ಹರಿಹರದಿಂದ ಬಂದ ಹುಡುಗಿಯ ಕಾಲು ತೊಳಕೊಂಡು ಕುಡಿ." ಅವನು ಸರಪಳಿಯ ಕೊಂಡಿಯನ್ನು ಬೆರಳಿಗೆ ಸಿಕ್ಕಿಸಿ ಬಿಗಿಯುತ್ತಾ, ಬೆರಳು ಬಿಳಿಚಿಕೊಳ್ಳುವವರೆಗೆ ಹಿಡಿದಿರುತ್ತಿದ್ದ. ಊಟದ ಹೊತ್ತಿಗೆ ಒಂದೇ ಗಂಗಾಳ ಇದ್ದೇ ಇತ್ತು. ಮೇಜಿನ ಕೆಳಗೆ ಅವನ ಹಿಮ್ಮಡಿ ಇದ್ದೇ ಇತ್ತು.

ಒಂದು ಸಂಜೆ ಅವನೇ ಅಜ್ಜನ ಹತ್ತಿರ ಹೋದ.

"ಅಜ್ಜ, ನನಗೂ ಪೂಜೆ ಕಲಿಸು."

ಶಿವಯೋಗಪ್ಪ ಕೂತಲ್ಲಿಂದ ಎದ್ದು ನಿಂತರು. "ಏನಂದೆ?"

"ಮುಕ್ತಾ ಜೊತೆ ನಾನೂ ಕೂಡ್ತೀನಿ."

"ಏ, ಕೇಳಿದೇನೇ ಇಲ್ಲಿ!" ಎಂದು ಅವರು ಹೆಂಡತಿಯನ್ನು ಕೂಗಿದರು. "ನಾನು ಹೇಳಿದ್ನೋ ಇಲ್ಲೋ? ಬಾಗ್ಲು ತೆಗೀರಿ, ಮಕ್ಳು ಒಂದಾಗ್ತಾವೆ ಅಂತ. ಇಬ್ಬರಿಗೂ ಲಿಂಗದೀಕ್ಷೆ ಕೊಡಿಸಿಬಿಡ್ತೀನಿ. ಇವನದು ತಡ ಆಗಿತ್ತು, ಅವಳದೂ ಆಗ್ಲಿ. ಬೆಳಿಗ್ಗೆ ಇಬ್ರೂ ಕೂಡಿ ಪೂಜೆ ಮಾಡ್ಲಿ, ನಾನು ಬ್ಯಾರೆ ಹೊತ್ತಿನಾಗೆ ಮಾಡ್ಕೊಂತೀನಿ."

ಮುಕ್ತಾ ದೇವರ ಕೋಣೆಯ ಹೊಸ್ತಿಲಲ್ಲಿ ನಿಂತು ಇದನ್ನು ಕೇಳಿದಳು. ಈ ಮನೆಗೆ ಬಂದ ಮೇಲೆ ಮೊದಲ ಸಲ ಎಲ್ಲರಿಗೂ ಕೇಳುವ ಹಾಗೆ ಮಾತಾಡಿದಳು.

"ಅಣ್ಣ ಬ್ಯಾಡ."

"ಯಾಕವ್ವ?"

"ಅಣ್ಣ ಒಳಗೆ ಬರೋದು ಬ್ಯಾಡ ಅಜ್ಜ. ನಾ ಒಬ್ಬಳೇ."

ಎಲ್ಲರೂ ನಕ್ಕರು. "ನೋಡು ಹೊಟ್ಟೆಕಿಚ್ಚು! ದೇವ್ರನ್ನೂ ಹಂಚ್ಕಳಲ್ಲ ಅಂತಾಳೆ" ಎಂದಳು ವಾಣಿ. ಶಿವಯೋಗಪ್ಪ ಮೊಮ್ಮಗಳ ತಲೆ ಸವರಿ, "ಹಂಗನ್ನಬಾರದು ಮಗಳೇ. ಒಬ್ಬಳೇ ಇರೋ ಚಾಳಿ ಬಿಡು" ಎಂದರು.

ನಿರ್ಮಲಮ್ಮ ನಗಲಿಲ್ಲ. ಆದರೆ ಸಾಂಬಾರು ಉಕ್ಕುತ್ತಿತ್ತು, ಒಳಗೆ ಹೋದರು.

*

ದೀಕ್ಷೆಯ ದಿನ ಗೊತ್ತಾಯಿತು. ಮಠದಿಂದ ಅಯ್ಯನವರು ಬರುವುದೆಂದಾಯಿತು. ವಾಣಿ ಮಕ್ಕಳಿಬ್ಬರಿಗೂ ಅಂಗಡಿಯಿಂದ ಒಂದೇ ಥಾನಿನ ರೇಷ್ಮೆ ತರಿಸಿ ಬಟ್ಟೆ ಹೊಲಿಸಿದಳು. ಹೋಳಿಗೆಗೆ ಬೇಳೆ ಬೇಯಿಸುವುದು, ಹಪ್ಪಳ ಕರಿಯುವುದು, ನೆಂಟರಿಗೆ ಫೋನು ಮಾಡುವುದು, ಮನೆಯಲ್ಲಿ ಗಡಿಬಿಡಿಯೋ ಗಡಿಬಿಡಿ.

ಅವತ್ತು ಬೆಳಗಿನ ಜಾವ ನಿರ್ಮಲಮ್ಮ ಮುಕ್ತಾಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಮೈಗೆ ಎಣ್ಣೆ ಹಚ್ಚಲು ಬಟ್ಟೆ ಬಿಚ್ಚಿಸಿದರು. ಇಷ್ಟು ದಿನ ಹುಡುಗಿ ತಾನೇ ಸ್ನಾನ ಮಾಡಿಕೊಳ್ಳುತ್ತಿದ್ದಳು.

ಎರಡೂ ರಟ್ಟೆಗಳ ಒಳಮಗ್ಗುಲಲ್ಲಿ ನೀಲಿ, ಹಳದಿ, ಹಸಿರು ಕಲೆಗಳು. ಅಂಗೈಯಲ್ಲಿ ಸಣ್ಣ ಸಣ್ಣ ಚುಕ್ಕೆಗಳು, ಕೆಲವು ಒಣಗಿದ್ದವು, ಕೆಲವು ಹಸಿ. ಕಾಲಿನ ಕಿರುಬೆರಳ ಉಗುರು ಕಪ್ಪಾಗಿ ಬೀಳುವುದರಲ್ಲಿತ್ತು.

ನಿರ್ಮಲಮ್ಮ ಎಣ್ಣೆ ಬಟ್ಟಲು ಕೆಳಗಿಟ್ಟರು.

"ಯಾರು ಮಾಡಿದ್ದವ್ವ?"

ಮುಕ್ತಾ ಬಚ್ಚಲ ಬಾಗಿಲ ಕಡೆ ನೋಡಿದಳು. ಚಿಲಕ ಹಾಕಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ ಅಜ್ಜಿಯ ಕಿವಿಯ ಹತ್ತಿರ ಬಂದು ಹೇಳಿದಳು: "ಹೇಳಿದ್ರೆ ಇನ್ನೂ ಒಳಗೆ ಹೋಗ್ತದೆ."

"ಏನು ಒಳಗೆ ಹೋಗ್ತದೆ? ಯಾರಂದ್ರು? ಬಕ್ಕೇಶನಾ?"

ಹುಡುಗಿ ಅಂಗೈ ಮುಚ್ಚಿ ಬೆನ್ನ ಹಿಂದೆ ಇಟ್ಟುಕೊಂಡಳು. ಹೆಸರು ಹೇಳಬೇಕಾಗಿರಲಿಲ್ಲ.

ನಿರ್ಮಲಮ್ಮ ಎಣ್ಣೆ ಮೆತ್ತಿದ ಸೀರೆಯಲ್ಲೇ ಹೊರಗೆ ಬಂದರು. ಶಿವಯೋಗಪ್ಪ ಅಯ್ಯನವರ ಪಾದಪೂಜೆಗೆ ತಟ್ಟೆ ಹೊಂದಿಸುತ್ತಿದ್ದರು, ಕೊಟ್ಟೂರೇಶ ಕುರ್ಚಿ ಹತ್ತಿ ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿದ್ದ.

"ಕೇಳ್ರಿ ಇಲ್ಲಿ. ಆ ಹುಡುಗಿ ಮೈ ನೋಡ್ರಿ ಬಂದು. ಬಕ್ಕೇಶ ಅದನ್ನ ಹಿಂಡಿ ಹಾಕ್ಯಾನೆ."

"ಏನು ಮಾತಾಡ್ತೀಯ ಅವ್ವ?" ಎಂದ ಕೊಟ್ಟೂರೇಶ, ಕುರ್ಚಿಯಿಂದ ಇಳಿಯದೆ.

"ನಿನ್ನ ಮಗ, ನೀನು ಅವನಿಗೆ ಎಲ್ಲರ ಮುಂದೆ ಕೊಟ್ಟಿದ್ದನ್ನ ಆ ಕೂಸಿಗೆ ಕೊಟ್ಟಾನೆ."

ವಾಣಿ ಅಡಿಗೆಮನೆಯಿಂದ ಓಡಿ ಬಂದಳು. "ಅತ್ತೆ, ಸುಮ್ನಿರ್ರಿ. ನೆಂಟ್ರು ಬರೋ ಹೊತ್ತು. ಮಕ್ಳು ಆಡ್ತಾ ಕಿತ್ತಾಡ್ತಾವೆ. ಇವತ್ತು ಒಳ್ಳೆ ಕೆಲಸ ಇಟ್ಕೊಂಡು ಇಂಥಾ ಮಾತಾ?"

"ಕಿತ್ತಾಡಿದ್ದಲ್ಲವ್ವ. ನೀ ಬಂದು ನೋಡು."

"ನಾಳೆ ನೋಡಾನು" ಎಂದರು ಶಿವಯೋಗಪ್ಪ, ತಟ್ಟೆಯಿಂದ ತಲೆ ಎತ್ತದೆ. "ಇವತ್ತು ಇಬ್ಬರ ಕೊರಳಿಗೆ ಲಿಂಗ ಬೀಳ್ತದೆ. ಲಿಂಗ ಕಟ್ಟಿದ ಹುಡುಗ ಕೈ ಎತ್ತಲ್ಲ. ನೀನು ಹೋಳಿಗೆ ನೋಡು."

ನಿರ್ಮಲಮ್ಮ ನಿಂತರು. ಅವರ ಕೈಯ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಐವತ್ತು ವರ್ಷ ಈ ಮನೆತನದಲ್ಲಿ ನಾಳೆ ನೋಡೋಣ ಎಂದದ್ದಕ್ಕೆಲ್ಲ ಅವರು ಹೂಂ ಎಂದವರು. ಹೊರಗೆ ಆಟೋ ನಿಂತ ಸದ್ದಾಯಿತು, ಅಯ್ಯನವರು ಇಳಿದರು. ನಿರ್ಮಲಮ್ಮ ಸೀರೆ ಬದಲಿಸಿ ಹೋಳಿಗೆ ನೋಡಲು ಹೋದರು. ಅವರನ್ನು ನೆನೆದರೆ ಎಷ್ಟು ಕನಿಕರವೋ ಅಷ್ಟೇ ಸಿಟ್ಟು ಬರುತ್ತದೆ.

ದೀಕ್ಷೆ ಚೆನ್ನಾಗಿ ಆಯಿತು. ಅಯ್ಯನವರು ಇಬ್ಬರ ಹಣೆಗೂ ವಿಭೂತಿ ಇಟ್ಟು, ಕಿವಿಯಲ್ಲಿ ಮಂತ್ರ ಹೇಳಿ, ಕೊರಳಿಗೆ ಲಿಂಗ ಕಟ್ಟಿದರು. ರವಿಚಂದ್ರ, ಮೀನಾಕ್ಷಿ ಹೊತ್ತಾಗಿ ಬಂದು, ಫೋಟೋಕ್ಕೆ ನಿಂತು, ಊಟ ಮಾಡಿ, ಪಾಳಿಗೆ ಹೊತ್ತಾಯಿತೆಂದು ಓಡಿದರು. ನಿರ್ಮಲಮ್ಮ ಮೀನಾಕ್ಷಿಯನ್ನು ಮಾತಾಡಿಸಲು ಹಿಂದೆಯೇ ಹೋದರು, ಬಾಗಿಲಿಗೆ ಬರುವಷ್ಟರಲ್ಲಿ ಬೈಕು ಮೂಲೆ ತಿರುಗಿತ್ತು. ಅಂದು ಸಂಜೆ ಅವರು ಗಂಗಾಳ ತೆಗೆಯಲಿಲ್ಲ. ಇಬ್ಬರಿಗೂ ಬೇರೆ ಬೇರೆ ತಟ್ಟೆ ಇಟ್ಟರು. ಮುಕ್ತಾಳನ್ನು ತಮ್ಮ ಮಗ್ಗುಲಲ್ಲೇ ಮಲಗಿಸಿಕೊಂಡು, ಬೆಳಿಗ್ಗೆ ಎದ್ದದ್ದೇ ಹರಿಹರಕ್ಕೆ ಫೋನು ಮಾಡಿಸಬೇಕು ಎಂದುಕೊಂಡರು.

*

ಬೆಳಿಗ್ಗೆ ಎದ್ದದ್ದೇ ಒಲೆ ಕರೆಯಿತು. ಉಳಿದ ನೆಂಟರಿಗೆ ಚಹಾ, ಆಮೇಲೆ ರೊಟ್ಟಿ. ನಿರ್ಮಲಮ್ಮ ಹಿಟ್ಟು ನಾದುತ್ತಿದ್ದಾಗ ಶಿವಯೋಗಪ್ಪ ಇಬ್ಬರು ಮಕ್ಕಳನ್ನೂ ಸ್ನಾನ ಮಾಡಿಸಿ, ಮಡಿ ಉಡಿಸಿ ಕರೆತರುವುದು ಕೇಳಿಸಿತು.

"ಒಳಗೆ ಕೂಡ್ರಿ. ಎಡಗೈಯಾಗೆ ಲಿಂಗ ಹಿಡೀರಿ. ಅದನ್ನೇ ನೋಡ್ರಿ. ಪೂಜೆ ಮುಗಿಯೋ ತನಕ ಒಂದು ಮಾತೂ ಆಡಬಾರದು, ತಿಳೀತಾ ಮುಕ್ತಾ?"

ಬಾಗಿಲು ಮುಚ್ಚಿದ ಸದ್ದಾಯಿತು.

ನಿರ್ಮಲಮ್ಮ ರೊಟ್ಟಿ ತಟ್ಟುತ್ತಾ ಮಣೆಯ ಸದ್ದಿಗೆ ಕಾದರು. ಕಾಯುತ್ತಿದ್ದೇನೆ ಎಂದು ಅವರಿಗೇ ಗೊತ್ತಿರಲಿಲ್ಲ, ದಿನದ ರೂಢಿ. ಕರ್ರೆಂದು ಮಣೆ ಎಳೆಯಬೇಕು, ಆಮೇಲೆ ಚಿಲಕ ಬೀಳಬೇಕು.

ಮಣೆಯ ಸದ್ದು ಬರಲಿಲ್ಲ. ಚಿಲಕ ಬಿತ್ತು.

ಮಣೆಯಿಲ್ಲದೆ ಆ ಚಿಲಕಕ್ಕೆ ಕೈ ಎಟುಕುವುದು ಯಾರದು ಎಂದು ತಿಳಿಯಲು ಅವರಿಗೆ ಹೊತ್ತು ಬೇಕಾಗಲಿಲ್ಲ. ರೊಟ್ಟಿಯನ್ನು ಹಾಗೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಓಡಿದರು.

"ಬಕ್ಕೇಶ! ಬಾಗ್ಲು ತೆಗಿ!"

"ಏ, ಏ!" ಎಂದು ಶಿವಯೋಗಪ್ಪ ಉಯ್ಯಾಲೆಯಿಂದ ಎದ್ದರು. "ಪೂಜೆ ನಡದೈತೆ. ಬುದ್ಧಿ ಐತೇನು ನಿನಗೆ?"

"ಬಕ್ಕೇಶ, ತೆಗಿಯೋ!"

ಒಳಗಿನಿಂದ ಹುಡುಗನ ದನಿ ಬಂತು, ತೀರಾ ಮೆತ್ತಗೆ, ಮರ್ಯಾದೆಯಿಂದ. "ಪೂಜೆ ಮಾಡಾಕತ್ತೀವಿ ಅಜ್ಜಿ."

"ಮುಕ್ತಾ! ಮುಕ್ತಾ, ನೀ ಮಾತಾಡವ್ವ!"

ಸದ್ದಿಲ್ಲ.

"ಹೆಂಗೆ ಮಾತಾಡ್ತಾಳೆ?" ಎಂದರು ಶಿವಯೋಗಪ್ಪ, ನಗುತ್ತಾ. "ಮಾತಾಡಬಾರದು ಅಂತ ನಾನೇ ಹೇಳೀನಿ."

ನಿರ್ಮಲಮ್ಮ ಬಾಗಿಲಿಗೆ ಭುಜ ಕೊಟ್ಟು ನೂಕಿದರು. ಅದು ಮನೆಯಲ್ಲಿ ಉಳಿದ ಗಟ್ಟಿ ಬಾಗಿಲು, ಅಲ್ಲಾಡಲಿಲ್ಲ. "ವಾಣೀ! ಕೊಟ್ಟೂರೇಶಾ! ಆ ಸಿಕಂದರನಿಗೆ ಫೋನ್ ಮಾಡ್ರಿ, ಈ ಬಾಗ್ಲು ಒಡೀಲಿ!" ವಾಣಿ ಕೋಣೆಯಿಂದ ಬಂದಳು, ಫೋನು ಕೈಯಲ್ಲಿತ್ತು. ಮಕ್ಕಳ ಮೊದಲ ಪೂಜೆಯ ವಿಡಿಯೋಕ್ಕೆಂದು ತಂದಿದ್ದಳು. ಅತ್ತೆಯ ಮುಖ ನೋಡಿ ಅಲ್ಲೇ ನಿಂತುಬಿಟ್ಟಳು.

ಆಗ ಒಳಗೆ ಪೂಜೆಯ ಗಂಟೆ ಮೊಳಗತೊಡಗಿತು. ಜೋರಾಗಿ, ಬಿಡದೆ, ಇನ್ನೇನೂ ಕೇಳಿಸದಷ್ಟು ಜೋರಾಗಿ. ಶಿವಯೋಗಪ್ಪ ಕಣ್ಣು ಮುಚ್ಚಿ ಕೈಮುಗಿದರು. ನಿರ್ಮಲಮ್ಮ ಎರಡೂ ಕೈಗಳಿಂದ ಬಾಗಿಲು ಬಡಿಯುತ್ತಲೇ ಇದ್ದರು.